ಅಣ್ಣನ ಪೆಟ್ಟಿಗೆಗೆ ವಾಲ್ವು ಹಾಕಿದ್ದು

ಆಂಪ್ಲಿಫೈಯರಿನ ಬೆನ್ನೊಳಗೆ ಕೈ ಹಾಕುವ ಮೊದಲು ಎಡಗೈಯನ್ನು ಸೊಂಟದ ಹಿಂದೆ ಸೆರಗಿಗೆ ಸಿಕ್ಕಿಸಿಕೊಳ್ಳಬೇಕು. ಕೆಲಸವೆಲ್ಲ ಬಲಗೈ ಒಂದರದ್ದೇ. ಎರಡೂ ಕೈ ಒಳಗಿದ್ದರೆ ಕರೆಂಟು ಒಂದು ಕೈಯಲ್ಲಿ ಹೊಕ್ಕು, ಎದೆ ದಾಟಿ, ಇನ್ನೊಂದು ಕೈಯಲ್ಲಿ ಹೊರಗೆ ಹೋಗುತ್ತದೆ, ಆಮೇಲೆ ಆ ಮನುಷ್ಯನಿಂದ ಯಾವ ಉಪಯೋಗವೂ ಇಲ್ಲ ಎಂದು ಅಣ್ಣ ಹೇಳಿದ್ದ. ಅವನು ಬೊಂಬಾಯಿಯಲ್ಲಿ ಎಡಗೈಯನ್ನು ಪ್ಯಾಂಟಿನ ಕಿಸೆಗೆ ಇಳಿಸುತ್ತಿದ್ದನಂತೆ. ನನಗೆ ಕಿಸೆ ಇರಲಿಲ್ಲ, ಸೆರಗು ಇತ್ತು. ಹೆಂಗಸರು ಮುಟ್ಟುವ ವಸ್ತು ಅಲ್ಲ ಅದು ಎಂದು ಆಮೇಲೆ ನನಗೆ ಬೇಕಾದಷ್ಟು ಮಂದಿ ಬುದ್ಧಿ ಹೇಳಿದರು. ಅವರಲ್ಲಿ ಒಬ್ಬರಿಗಾದರೂ ಈ ಎಡಗೈಯ ಸಂಗತಿ ಗೊತ್ತಿರಲಿಲ್ಲ.

ಯುದ್ಧ ಮುಗಿದ ಮರುವರ್ಷದ ಮಾತು. ನಾವು ಕರಾವಳಿಯ ಬಂದರು ಪೇಟೆಯ ಬಲ್ಮಠದಲ್ಲಿದ್ದೆವು. ಮನೆ ಅಜ್ಜಿಯದ್ದು, ಅಂದರೆ ಅಮ್ಮನ ಅಮ್ಮನದ್ದು. ನಮ್ಮದು ಅಳಿಯಸಂತಾನ ಕಟ್ಟು. ಮನೆ, ಗದ್ದೆ, ಬಳಿ ಎಂಬ ಕುಲದ ಹೆಸರು ಎಲ್ಲವೂ ತಾಯಿಯ ಕಡೆಯಿಂದ ಇಳಿದು ಬರುತ್ತಿದ್ದ ಕಾಲ. ಗಂಡಸಿನ ಸೊತ್ತು ಅವನ ಅಕ್ಕತಂಗಿಯರಿಗೆ, ಅವರ ಮಕ್ಕಳಿಗೆ. ಅಪ್ಪ ವಾಮಂಜೂರಿನಲ್ಲಿ ತನ್ನ ತಾಯಿಮನೆಯ ಬೇಸಾಯ ನೋಡಿಕೊಂಡು, ನಮ್ಮಲ್ಲಿಗೆ ಬಂದು ಹೋಗುತ್ತಿದ್ದರು. ನಮ್ಮ ಮನೆಯ ಯಜಮಾನಿಕೆ ಅಮ್ಮನ ಅಣ್ಣನದ್ದು, ನಮಗೆ ಅವರು ಮಾಮ. ಕೋಲು ಹಿಡಿದು ಗದರಿಸುವ ಮಾಮನಲ್ಲ. ಊಟಕ್ಕೆ ಕೂತಾಗ ಮೀನಿನ ನಡುತುಂಡನ್ನು ತನ್ನ ಬಟ್ಟಲಿನಿಂದ ಎತ್ತಿ ನಮ್ಮ ಬಟ್ಟಲಿಗೆ ಹಾಕುವ ಮನುಷ್ಯ. ಆದರೆ ಆಡಿದ ಮಾತು ಆಡಿದ್ದೇ, ಅದರಿಂದ ಒಂದು ನೂಲೂ ಈಚೆ ಬರುವವರಲ್ಲ. ಅವರ ಎದುರು ಅಮ್ಮ ಒಮ್ಮೆಯೂ ಸ್ವರ ಎತ್ತಿದ್ದನ್ನು ನಾನು ನೋಡಿರಲಿಲ್ಲ. ಮನೆಯಲ್ಲಿ ನಾವು ಆಡುತ್ತಿದ್ದದ್ದು ತುಳು. ಇಲ್ಲಿ ಅವರೆಲ್ಲರಿಂದ ನಮ್ಮ ಊರಿನ ಕನ್ನಡ ಆಡಿಸುತ್ತಿದ್ದೇನೆ.

ಅಣ್ಣ ಮೀಸೆ ಮೂಡುವ ಮೊದಲೇ ಹಡಗು ಹತ್ತಿ ಬೊಂಬಾಯಿಗೆ ಹೋದವನು. ದೊಡ್ಡ ಹೋಟೆಲೊಂದರ ಉಗ್ರಾಣ ನೋಡಿಕೊಳ್ಳಲು ಹೋದ ಹುಡುಗನ ಕಣ್ಣು ಉಗ್ರಾಣದಲ್ಲಿ ನಿಲ್ಲಲಿಲ್ಲ, ಬ್ಯಾಂಡಿನವರು ಕೂರುವ ಮೂಲೆಗೆ ಹೋಯಿತು. ಕೆಲವು ವರ್ಷಗಳಲ್ಲಿ ಅವನೇ ಆ ಮೂಲೆಯಲ್ಲಿ ಕೂತ. ಅವನು ನುಡಿಸುತ್ತಿದ್ದದ್ದು ಹವಾಯಿಯನ್ ಗಿಟಾರ್. ಅದನ್ನು ಎದೆಗೆ ಆನಿಸಿ ಹಿಡಿಯುವುದಿಲ್ಲ. ಮಡಿಲಲ್ಲಿ ಅಡ್ಡ ಮಲಗಿಸಿ, ಎಡಗೈಯಲ್ಲಿ ಒಂದು ಉಕ್ಕಿನ ತುಂಡನ್ನು ತಂತಿಗಳ ಮೇಲೆ ಜಾರಿಸುತ್ತ, ಬಲಗೈ ಬೆರಳಲ್ಲಿ ಮೀಟುವುದು. ಅವನದ್ದು ಕರೆಂಟಿನ ಗಿಟಾರ್. ಗಟ್ಟಿ ಮರದ್ದು, ಒಳಗೆ ಟೊಳ್ಳಿಲ್ಲ. ಹಾಗಾಗಿ ತನ್ನಷ್ಟಕ್ಕೆ ಅದಕ್ಕೆ ಸ್ವರವೇ ಇಲ್ಲ. ಆಂಪ್ಲಿಫೈಯರ್ ಎಂಬ ಪೆಟ್ಟಿಗೆಗೆ ವಯರಿನಿಂದ ಜೋಡಿಸಿದರೆ ಮಾತ್ರ ಅದು ಹಾಡುವುದು.

ಒಂದು ಮಳೆಗಾಲ ಪೂರ್ತಿ ಅವನು ಗಿಟಾರನ್ನೂ ಪೆಟ್ಟಿಗೆಯನ್ನೂ ತಂದುಕೊಂಡು ಮನೆಯಲ್ಲಿದ್ದ. ಮಳೆಗಾಲದಲ್ಲಿ ಬಂದರಿನಿಂದ ಹಡಗು ಓಡುವುದಿಲ್ಲ, ಬಂದವರು ಸಮುದ್ರ ಇಳಿಯುವವರೆಗೆ ಇಲ್ಲೇ. ಮೊದಲ ದಿನವೇ ಮಾಮ ಹೇಳಿದ್ದರು, "ಈ ಮನೆಯ ಕರೆಂಟು ದೀಪಕ್ಕೆ. ಆ ಪೆಟ್ಟಿಗೆಗೆ ಅಲ್ಲ." ಅಣ್ಣ ನಕ್ಕು ಸುಮ್ಮನಾದ. ಅವನಿಗೆ ಜಗಳ ಆಗದು. ನನಗೆ ಅದೇ ಸಿಟ್ಟು. ಮಳೆಗಾಲವಿಡೀ ಅವನು ಹಿಂದಿನ ಕೋಣೆಯಲ್ಲಿ ಕೂತು ಆ ಮೂಕ ಗಿಟಾರನ್ನು ನುಡಿಸಿದ. ಸೊಳ್ಳೆಯ ಸ್ವರದಷ್ಟು ಕೇಳುತ್ತಿತ್ತು, ಅಷ್ಟೇ. ಹಂಚಿನ ಮೇಲೆ ಮಳೆ ಬಿದ್ದರೆ ಅದೂ ಇಲ್ಲ. ನಾನು ಮರಕ್ಕೆ ಕಿವಿ ಒತ್ತಿ ಕೇಳುತ್ತಿದ್ದೆ. ಆಮೇಲೆ ನನ್ನ ಮಡಿಲಿಗೆ ಅದನ್ನು ಮಲಗಿಸಿ ಬೆರಳು ಹೇಗೆ, ಉಕ್ಕು ಹೇಗೆ ಎಂದು ಹೇಳಿಕೊಟ್ಟ. "ನೋಡು, ಸೀರೆ ಉಟ್ಟವರಿಗೆ ಅಂತಲೇ ಮಾಡಿದ ವಾದ್ಯ ಇದು" ಎನ್ನುತ್ತಿದ್ದ. ಪೆಟ್ಟಿಗೆಯ ಬೆನ್ನನ್ನು ತೋರಿಸಿ ಅದರೊಳಗಿನ ಗಾಜಿನ ವಾಲ್ವುಗಳನ್ನು ತೆಗೆಯಲು, ಹಾಕಲು ಕಲಿಸಿದ್ದೂ ಆಗಲೇ. ವಾಲ್ವು ಎಂದರೆ ನೋಡಲು ಉದ್ದನೆಯ ಬಲ್ಬು. ಬುಡದಲ್ಲಿ ಸುತ್ತಲೂ ಹಿತ್ತಾಳೆಯ ಪುಟ್ಟ ಕಾಲುಗಳು, ಆ ಕಾಲುಗಳಿಗೆ ಪೆಟ್ಟಿಗೆಯಲ್ಲಿ ತೂತುಗಳು. ಕಾಲು ತೂತಿಗೆ ಸರಿಯಾಗಿ ಕಚ್ಚಿದರೆ ಸ್ವರ. ಇಲ್ಲದಿದ್ದರೆ ಇಲ್ಲ.

ಮಳೆ ನಿಂತ ಮೇಲೆ ಅಣ್ಣ ಬೊಂಬಾಯಿಗೆ ಹೋದ. ಮತ್ತೆ ಬಂದದ್ದು ಅವನ ಟ್ರಂಕು, ಗಿಟಾರ್ ಮತ್ತು ಆ ಪೆಟ್ಟಿಗೆ ಮಾತ್ರ. ಜ್ವರ ಎಂದರು. ಅಲ್ಲಿಯೇ ಸುಟ್ಟರು. ಸುದ್ದಿ ತಿಳಿಯುವಾಗ ಎಲ್ಲ ಮುಗಿದಿತ್ತು.

ಮಾಮ ಆ ದಿನ ಚಾವಡಿಯಲ್ಲಿ ಕೂತವರು ಸಂಜೆವರೆಗೆ ಎದ್ದಿರಲಿಲ್ಲ. ಎದ್ದಾಗ ಹೇಳಿದ್ದು ಒಂದೇ ಮಾತು, "ಆ ತಂತಿಯೇ ಹುಡುಗನನ್ನು ತಿಂದದ್ದು." ಅಮ್ಮ ಟ್ರಂಕನ್ನೂ ಪೆಟ್ಟಿಗೆಯನ್ನೂ ತನ್ನ ಕೋಣೆಗೆ ಸಾಗಿಸಿದರು, ಬಾಗಿಲು ಹಾಕಿಕೊಂಡರು.

ಅಮ್ಮನ ಬಗ್ಗೆ ಒಂದು ವಿಷಯ ಹೇಳಬೇಕು. ನಮ್ಮ ಊರಿನಲ್ಲಿ ಸಮುದ್ರದ ಗಾಳಿಗೆ ಕಬ್ಬಿಣ ಉಳಿಯುವುದಿಲ್ಲ. ಬೀಗ, ಬಾಗಿಲಿನ ತಿರುಗಣೆ, ಕೊಡೆಯ ಕಡ್ಡಿ, ಹೊಲಿಗೆ ಮೆಶಿನು, ಕತ್ತರಿ, ಎಲ್ಲದಕ್ಕೂ ತೆಂಗಿನೆಣ್ಣೆ ಹಚ್ಚಿಯೇ ಇಡಬೇಕು. ಎಲ್ಲ ಮನೆಯಲ್ಲೂ ಹಚ್ಚುತ್ತಾರೆ. ಅಮ್ಮನದ್ದು ಸ್ವಲ್ಪ ಹೆಚ್ಚು. ಒಂದು ಚಿಪ್ಪಿನಲ್ಲಿ ಎಣ್ಣೆ, ಅದರಲ್ಲಿ ಅದ್ದಿಟ್ಟ ಒಂದು ಕೋಳಿಗರಿ, ಅವನ್ನು ಹಿಡಿದು ಮನೆಯಿಡೀ ತಿರುಗುತ್ತಿದ್ದರು. ಬಿಟ್ಟರೆ ನಮ್ಮ ಕೀಲುಗಳಿಗೂ ಹಚ್ಚುತ್ತಿದ್ದರೋ ಏನೋ ಎಂದು ಅಣ್ಣ ತಮಾಷೆ ಮಾಡುತ್ತಿದ್ದ.

ವರ್ಷದ ಕ್ರಿಯೆ ಮುಗಿದ ಮೇಲೆ, ಆಟಿ ತಿಂಗಳ, ಅಂದರೆ ಆಷಾಢದ, ಒಂದು ಮಧ್ಯಾಹ್ನ, ಮಾಮ ಇಲ್ಲದ ಹೊತ್ತು ನೋಡಿ ನಾನು ಪೆಟ್ಟಿಗೆಯನ್ನು ಹೊರಗೆ ತಂದೆ. ಕೇಳಿ ತಂದದ್ದಲ್ಲ. ಅಣ್ಣನದ್ದು ತಂಗಿಗೆ ಎಂಬುದು ನಮ್ಮ ಕಟ್ಟು, ನಾನು ಯಾರನ್ನು ಕೇಳಬೇಕು? ಚಾವಡಿಯ ಗೋಡೆಯಲ್ಲಿದ್ದ ಒಂದೇ ಒಂದು ಪ್ಲಗ್ಗಿಗೆ ಸಿಕ್ಕಿಸಿದೆ. ಸ್ವಿಚ್ಚು ಒತ್ತಿದೆ. ಗಿಟಾರ್ ಮಡಿಲಲ್ಲಿತ್ತು. ಮೀಟಿದೆ. ಅದೇ ಸೊಳ್ಳೆ ಸ್ವರ. ಪೆಟ್ಟಿಗೆಯಿಂದ ಒಂದು ಉಸಿರೂ ಬರಲಿಲ್ಲ. ವಯರು ತೆಗೆದು ಹಾಕಿದೆ, ಸ್ವರ ಏರಿಸುವ ತಿರುಗಣೆ ತಿರುಗಿಸಿದೆ. ಇಲ್ಲ. ತಲೆ ಎತ್ತಿದರೆ ಮಾಮ ಮೆಟ್ಟಿಲ ಮೇಲೆ ಕೊಡೆ ಮಡಚುತ್ತ ನಿಂತಿದ್ದರು.

"ಎಂತ ಮಾಡ್ತಿದ್ದಿ?"

"ಅಣ್ಣನ ಗಿಟಾರ್ ನುಡಿಸ್ತಾ ಇದ್ದೇನೆ."

"ಕೇಳುದಿಲ್ಲ ಅಲ್ವಾ?"

"ಕೇಳ್ತದೆ. ಸ್ವಲ್ಪ ದಿನ ಆಗ್ಬೇಕು."

ಅವರು ಒಳಗೆ ಬಂದು ಆರಾಮ ಕುರ್ಚಿಯಲ್ಲಿ ಕೂತರು. ಗದರಿಸಿದ್ದರೆ ನನಗೆ ಸುಲಭವಾಗುತ್ತಿತ್ತು. ಗದರಿಸಲಿಲ್ಲ. "ನೋಡು ಮಗಾ, ಅದು ಸತ್ತ ಪೆಟ್ಟಿಗೆ. ಅವನ ಬ್ಯಾಂಡಿನವರು ತಕ್ಕೊಳ್ತಾರಂತೆ, ಮಾತಾಡಿ ಆಗಿದೆ. ಮಳೆ ಕಳೆದು ಮೊದಲ ಹಡಗು ಹೊರಡುವಾಗ ಗಿಟಾರು, ಪೆಟ್ಟಿಗೆ ಎರಡನ್ನೂ ಬೊಂಬಾಯಿಗೆ ಕಳಿಸ್ತೇನೆ. ಅದು ಕಣ್ಣೆದುರು ಇದ್ದಷ್ಟು ದಿನ ನಿನ್ನ ಅಮ್ಮ ದುಃಖದಿಂದ ಏಳ್ಲಿಕ್ಕಿಲ್ಲ."

"ಅದು ನನಗೆ ಬರಬೇಕಾದ್ದು, ಮಾಮ."

"ಸತ್ತದ್ದನ್ನು ಇಟ್ಟುಕೊಂಡು ಎಂತ ಮಾಡ್ತಿ ಮಾರಾಯ್ತಿ?"

"ಅದು ಮಾತಾಡಿದರೆ?"

ಅವರಿಗೆ ನಗು ಬಂತು. "ಹಡಗು ಹೊರಡುವ ಮೊದಲು ಅದು ಮಾತಾಡಿದರೆ ನಿನಗೇ ಇರಲಿ. ಆಯ್ತಾ?"

"ಆಯ್ತು" ಎಂದೆ. ನಗುತ್ತ ಆಡಿದ ಮಾತಾದರೂ ಮಾಮನ ಮಾತು ಮಾತೇ. ನನಗೆ ಅದು ಸಾಕಿತ್ತು.

ಹಂಪನಕಟ್ಟೆಯ ಹತ್ತಿರ ರೇಡಿಯೋ ರಿಪೇರಿಯ ಅಂಗಡಿಯೊಂದಿತ್ತು. ಪೆಟ್ಟಿಗೆ ಹೊತ್ತುಕೊಂಡು ಹೋಗುವುದು ಆಗದ ಮಾತು. ಬರೀ ಕೇಳಿ ಬರೋಣವೆಂದು ಹೋದೆ. ಅಂಗಡಿಯವರು ನಾನು ಹೇಳಿದ್ದನ್ನು ಪೂರ್ತಿ ಕೇಳದೆ, ವಾಲ್ವು ಹೋಗಿದೆ, ಯುದ್ಧ ಮುಗಿದರೂ ಅಂಥ ವಾಲ್ವು ಊರಲ್ಲಿ ಸಿಕ್ಕುವುದಿಲ್ಲ ಎಂದರು. ಆಮೇಲೆ, "ನಿಮ್ಮ ಮಾಮನವರಿಗೆ ನಾನೇ ಹೇಳ್ತೇನೆ, ನೀವು ಅದನ್ನು ಬಿಚ್ಚಲಿಕ್ಕೆ ಹೋಗ್ಬೇಡಿ. ಹೆಂಗಸರು ಮುಟ್ಟುವ ವಸ್ತು ಅಲ್ಲ. ಶಾಕ್ ಹೊಡೆದರೆ ಎಂತ ಮಾಡುದು?" ಎಂದರು.

"ಗಂಡಸರಿಗೆ ಹೊಡೆಯುದಿಲ್ವಾ?" ಎಂದು ಕೇಳಿದೆ.

ಅವರು ಬೇರೊಬ್ಬ ಗಿರಾಕಿಯ ಕಡೆ ತಿರುಗಿದರು. ಮನೆಗೆ ಬರುವ ದಾರಿಯುದ್ದಕ್ಕೂ ನನಗೆ ಆ ಮನುಷ್ಯನಿಗೆ ಇನ್ನೂ ನಾಲ್ಕು ಮಾತು ಹೇಳಬೇಕಿತ್ತು ಅನಿಸುತ್ತಿತ್ತು. ಈಗಲೂ ಅನಿಸುತ್ತದೆ.

ವಾಲ್ವು ಊರಲ್ಲಿ ಸಿಕ್ಕದಿದ್ದರೆ ಬೇಡ. ಅಣ್ಣನ ಟ್ರಂಕಿನಲ್ಲಿತ್ತು. ಅದು ನನಗೆ ಗೊತ್ತಿತ್ತು. ಬ್ಯಾಂಡಿನವರು ಕಾರ್ಯಕ್ರಮಕ್ಕೆ ಹೋಗುವಾಗ ಒಂದು ಜತೆ ಹೆಚ್ಚಿನ ವಾಲ್ವು ಇಟ್ಟುಕೊಂಡೇ ಹೋಗುತ್ತಾರೆ, ನಡುವೆ ಒಂದು ಕೈಕೊಟ್ಟರೆ ಜನ ಕಾಯುವುದಿಲ್ಲವಲ್ಲ. ಅಣ್ಣ ಅವನ್ನು ಒಡೆಯದ ಹಾಗೆ ತನ್ನ ಕಾಲುಚೀಲಗಳೊಳಗೆ ತೂರಿಸಿ ಇಡುತ್ತಿದ್ದ. ಟ್ರಂಕು ಬಿಚ್ಚಿದೆ. ಕಾಲುಚೀಲಗಳು ಇದ್ದವು, ಒಳಗೆ ವಾಲ್ವುಗಳಿದ್ದವು. ಟ್ರಂಕಿನ ಬಟ್ಟೆಯಲ್ಲಿ ಅವನ ವಾಸನೆ ಹೋಗಿ ತೆಂಗಿನೆಣ್ಣೆಯ ವಾಸನೆ ಬರುತ್ತಿತ್ತು. ಅಮ್ಮನ ಕೋಣೆಯಲ್ಲಿ ಇಟ್ಟದ್ದಲ್ಲವೇ, ಬಾರದೆ ಎಲ್ಲಿಗೆ ಹೋಗುತ್ತದೆ ಎಂದುಕೊಂಡೆ. ಆ ಹೊತ್ತಿಗೆ ಅಷ್ಟಕ್ಕೇ ಬಿಟ್ಟೆ.

ನೂಲ ಹುಣ್ಣಿಮೆ ಬಂತು. ಮೀನು ಹಿಡಿಯುವ ಮೊಗವೀರರು ಸಮುದ್ರಕ್ಕೆ ಹಾಲೆರೆದು ತೆಂಗಿನಕಾಯಿ ಬಿಟ್ಟರು. ಹಡಗಿನ ಮಾತು ಊರಲ್ಲಿ ಶುರುವಾಯಿತು. ಮಾಮ ಬಡಗಿಯಿಂದ ಒಂದು ಮರದ ಪೆಟಾರಿ ಮಾಡಿಸಿ ತಂದು ಚಾವಡಿಯಲ್ಲಿ ಇಟ್ಟರು. ಯಾವುದಕ್ಕೆಂದು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಹಡಗಿನ ದಿನ ನಿಶ್ಚಯವಾದ ಮೇಲೆ ನಾನೂ ಕೆಲಸಕ್ಕೆ ಇಳಿದೆ. ಮಾಮನ ಕಣ್ಣು ತಪ್ಪಿಸಿ ಅಲ್ಲ. ಅವರು ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದ ಹೊತ್ತಿಗೇ, ಅವರ ಎದುರಿಗೇ, ಚಾವಡಿಯ ನೆಲದ ಮೇಲೆ ಚಾಪೆ ಹಾಸಿಕೊಂಡು.

ಮೊದಲು ಪ್ಲಗ್ಗು ಕಿತ್ತೆ. ಕಿತ್ತ ಕೂಡಲೇ ಕೈ ಹಾಕಬಾರದು, ಪೆಟ್ಟಿಗೆಯ ಹೊಟ್ಟೆಯಲ್ಲಿ ಕರೆಂಟು ಸ್ವಲ್ಪ ಹೊತ್ತು ಉಳಿದಿರುತ್ತದೆ, ಹೋಗಿ ಒಂದು ಲೋಟ ಚಾ ಕುಡಿದು ಬಾ ಎಂದಿದ್ದ ಅಣ್ಣ. ಹೋಗಿ ಚಾ ಕುಡಿದೆ. ಮಾಮನಿಗೂ ಒಂದು ಲೋಟ ತಂದುಕೊಟ್ಟೆ. ಆಮೇಲೆ ಎಡಗೈಯನ್ನು ಸೆರಗಿಗೆ ಸಿಕ್ಕಿಸಿ ಕೂತೆ. ಪಕ್ಕದಲ್ಲಿ ಇಡ್ಲಿ ತಟ್ಟೆ ಇಟ್ಟುಕೊಂಡಿದ್ದೆ. ಕಿತ್ತ ವಾಲ್ವುಗಳನ್ನು, ಅವು ಪೆಟ್ಟಿಗೆಯಲ್ಲಿ ಯಾವ ಸಾಲಿನಲ್ಲಿದ್ದವೋ ಅದೇ ಸಾಲಿನಲ್ಲಿ ಇಡ್ಲಿಯ ಗುಳಿಗಳಲ್ಲಿ ಕೂರಿಸಿದರೆ ಅದಲುಬದಲಾಗುವ ಹೆದರಿಕೆ ಇಲ್ಲ. ಇದು ಅಣ್ಣ ಕಲಿಸಿದ್ದಲ್ಲ, ನನ್ನದೇ ತಲೆ. ಒಂದನ್ನು ತೆಗೆಯುವುದು, ಅದರ ಗಾಜಿನ ಮೇಲೆ ಬರೆದ ಅಕ್ಷರ ನೋಡಿ ಅಂಥದ್ದನ್ನೇ ಕಾಲುಚೀಲದಿಂದ ಆರಿಸಿ ಹಾಕುವುದು. ಎಳೆಯುವಾಗ ಗಾಜನ್ನು ಹಿಡಿಯಬಾರದು, ಬುಡವನ್ನು ಹಿಡಿದು, ಹಾಲುಹಲ್ಲು ಕೀಳುವಾಗ ಮಾಡುವಂತೆ ಮೆಲ್ಲಗೆ ಅತ್ತಿತ್ತ ಆಡಿಸಿ ಮೇಲೆ ತೆಗೆಯಬೇಕು. ಕಾಲುಗಳ ನಡುವೆ ಒಂದು ದಪ್ಪ ಗೂಟ ಉಂಟು, ಅದಕ್ಕೊಂದು ಏಣು. ಆ ಏಣು ತೂತಿನ ಕಚ್ಚಿಗೆ ಸರಿ ಕೂತರೆ ಮಾತ್ರ ವಾಲ್ವು ಒಳಗೆ ಇಳಿಯುತ್ತದೆ. ಬಲಪ್ರಯೋಗ ಮಾಡಿದರೆ ಕಾಲು ಮುರಿಯುತ್ತದೆ. ನನ್ನದೊಂದೂ ಮುರಿಯಲಿಲ್ಲ.

ಮಾಮ ಪೇಪರಿನ ಮೇಲಿನಿಂದ ನೋಡುತ್ತಿದ್ದದ್ದು ನನಗೆ ಗೊತ್ತಿತ್ತು. "ಆ ಕೈಗೆ ಎಂತ ಆಗಿದೆ?" ಎಂದು ಒಮ್ಮೆ ಕೇಳಿದರು.

"ಎಂತದೂ ಇಲ್ಲ. ಜೀವ ಉಳಿಸ್ಲಿಕ್ಕೆ ಹಿಂದೆ ಇಟ್ಟದ್ದು."

ಅವರು ಪೇಪರಿನ ಪುಟ ತಿರುವಿದರು.

ಕೊನೆಯ ವಾಲ್ವು ಕೂತ ಮೇಲೆ ಪ್ಲಗ್ಗು ಹಾಕಿ ಸ್ವಿಚ್ಚು ಒತ್ತಿದೆ. ವಾಲ್ವು ಬಿಸಿಯಾಗಲು ಹೊತ್ತು ಬೇಕು. ಕಾದೆ. ಹಿಂದಿನಿಂದ ಬಗ್ಗಿ ನೋಡಿದರೆ ಒಂದೆರಡು ಮಾತ್ರ ಮಂಕಾಗಿ ಕೆಂಪಾಗಿದ್ದವು, ಉಳಿದವು ತಣ್ಣಗೆ. ಮೀಟಿದೆ. ಇಲ್ಲ. ಇನ್ನೂ ಕಾದೆ. ಆಗ ಪೆಟ್ಟಿಗೆಯಿಂದ ಬಂದದ್ದು ಸ್ವರವಲ್ಲ, ವಾಸನೆ. ಬಾಣಲೆಯಲ್ಲಿ ತೆಂಗಿನೆಣ್ಣೆ ಕಾಯುವ ವಾಸನೆ. ಚಾವಡಿಯಿಡೀ ಹರಡಿತು.

ಮಾಮ ಪೇಪರ್ ಕೆಳಗಿಟ್ಟು ಮನಸಾರೆ ನಕ್ಕರು. "ಹಾಡುದು ಬೇಡ ಬಿಡು. ಹಪ್ಪಳ ಕಾಯಿಸ್ಲಿಕ್ಕೆ ಆಗಬಹುದು ಅದು."

ಅಣ್ಣ ಸತ್ತ ಮೇಲೆ ಅವರು ಅಷ್ಟು ನಕ್ಕದ್ದು ಅದೇ ಮೊದಲು. ಬೇರೆ ದಿನವಾಗಿದ್ದರೆ ನನಗೂ ಸಂತೋಷವಾಗುತ್ತಿತ್ತು. ಆ ದಿನ ಮೈಯೆಲ್ಲ ಉರಿಯಿತು. ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತು, ಪೆಟ್ಟಿಗೆಯನ್ನು ಒಬ್ಬಳೇ ಎತ್ತಿಕೊಂಡು ಹಿಂದಿನ ಜಗಲಿಗೆ ಹೋದೆ. ಅಲ್ಲಿ ಬೆಳಕಿತ್ತು. ಅಣ್ಣ ಹೇಳಿದಷ್ಟು ಹೊತ್ತು ಕಾದು, ವಾಲ್ವೊಂದನ್ನು ಕಿತ್ತು ಬೆಳಕಿಗೆ ಹಿಡಿದೆ. ಹಿತ್ತಾಳೆಯ ಕಾಲುಗಳ ಸುತ್ತ ಹಸುರು ಅಂಟು. ತೂತುಗಳ ಒಳಗೂ ಅದೇ ಹಸುರು. ಆ ಹಸುರು ನನಗೆ ಹೊಸದಲ್ಲ. ದೇವರ ದೀಪದಲ್ಲಿ ಎಣ್ಣೆ ಬಿಟ್ಟು ಕೆಲವು ದಿನ ತೊಳೆಯದಿದ್ದರೆ ಹಿತ್ತಾಳೆಗೆ ಕಟ್ಟುವ ಕಿಲುಬು ಅದು. ನಮ್ಮ ಮನೆಯಲ್ಲಿ ದೀಪ ಹುಳಿ ಹಾಕಿ ತಿಕ್ಕುವ ಕೆಲಸ ನನ್ನದೇ, ಗೊತ್ತಾಗದೆ ಇರುತ್ತದೆಯೇ?

ಅಮ್ಮ ಬಾವಿಕಟ್ಟೆಯ ಹತ್ತಿರ ಅಕ್ಕಿ ತೊಳೆಯುತ್ತಿದ್ದರು. ವಾಲ್ವನ್ನು ಅವರ ಮುಖದ ಮುಂದೆ ಹಿಡಿದೆ.

"ಇದಕ್ಕೆ ಎಣ್ಣೆ ಹಚ್ಚಿದ್ದು ನೀವಾ?"

ಅಮ್ಮ ಕೈ ಒರೆಸಿಕೊಂಡರು. "ಹಚ್ಚದೆ? ವರ್ಷಗಟ್ಟಲೆ ಹಾಗೇ ಇಟ್ಟರೆ ತುಕ್ಕು ಹಿಡಿಯುದಿಲ್ವಾ? ಒಂದೊಂದನ್ನೇ ತೆಗೆದು, ಚಿಮಿಣಿ ಒರೆಸಿದ ಹಾಗೆ ಗಾಜು ಒರೆಸಿ, ಕಾಲಿಗೆ ಎಣ್ಣೆ ಹಚ್ಚಿ, ಎಲ್ಲಿಂದ ತೆಗೆದದ್ದೋ ಅಲ್ಲಿಗೇ ಇಡ್ತಿದ್ದೆ. ಕಾಲುಚೀಲದ್ದಕ್ಕೂ ಹಚ್ಚಿದ್ದೇನೆ. ನಿನ್ನ ಮಾಮ ಮಧ್ಯಾಹ್ನ ಮಲಗಿದಾಗ." ಮತ್ತೆ ಅಕ್ಕಿಯ ಕಡೆ ಬಗ್ಗಿ ಹೇಳಿದರು, "ಬೇರೆ ಎಂತ ಮಾಡ್ಲಿ ನಾನು ಅವನಿಗೆ?"

ಸಿಟ್ಟು ಬಂದಿತ್ತು, ಇಲ್ಲವೆನ್ನುವುದಿಲ್ಲ. ಬಾಯಿಗೆ ಬಂದದ್ದನ್ನು ಹೇಳುವವಳೇ ಇದ್ದೆ. ಅಮ್ಮ ಬಾಗಿಲು ಹಾಕಿಕೊಂಡು ಒಳಗೆ ಅಳುತ್ತಾರೆಂದು ನಾವೆಲ್ಲ ತಿಳಿದಿದ್ದೆವು. ಅಮ್ಮ ಅಳುತ್ತಿರಲಿಲ್ಲ. ಮಗನ ತಲೆಗೆ ಎಣ್ಣೆ ಹಚ್ಚಲು ಮಗ ಇಲ್ಲವೆಂದು ಅವನ ಗಾಜಿನ ಬುರುಡೆಗಳಿಗೆ ಹಚ್ಚುತ್ತಿದ್ದರು. ಅವರಿಗೆ ಏನೆಂದು ಬೈಯಲಿ? ಅವರ ಪಕ್ಕದಲ್ಲಿ ಬಾವಿಕಟ್ಟೆಯ ಮೇಲೆ ಕೂತು ನಾನೇ ಅತ್ತೆ. ಅಣ್ಣ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ.

ಅಮ್ಮನಿಗೆ ಆಗ ಅರ್ಥವಾಯಿತು. "ಅಂದರೆ ನಾನೇ ಅದರ ಬಾಯಿ ಕಟ್ಟಿದ್ದಾ?"

"ಬಾಯಿ ಕಟ್ಟಿದ್ದು ನೀವಲ್ಲ. ಈ ಮನೆಯಲ್ಲಿ ಅದರ ಬಾಯಿ ಕಟ್ಟಿದವರು ಬೇರೆ ಉಂಟು" ಎಂದು ಕಣ್ಣೊರೆಸಿಕೊಂಡು ಎದ್ದೆ. "ಪೆಟ್ರೋಮ್ಯಾಕ್ಸಿನ ಸ್ಪಿರಿಟ್ ಎಲ್ಲಿ ಉಂಟು?"

ಮದುವೆ ಮುಂಜಿಗೆ ಹೊತ್ತಿಸುವ ಪೆಟ್ರೋಮ್ಯಾಕ್ಸ್ ಎಲ್ಲ ದೊಡ್ಡ ಮನೆಗಳಲ್ಲಿ ಇರುತ್ತಿತ್ತು, ಅದನ್ನು ಮೊದಲು ಬಿಸಿ ಮಾಡಲು ಸ್ಪಿರಿಟ್ ಬೇಕು. ಅದು ಎಣ್ಣೆಯನ್ನು ತಿನ್ನುತ್ತದೆ, ಆಮೇಲೆ ತಾನೂ ಆರಿಹೋಗುತ್ತದೆ. ಅಮ್ಮ ಸೀಸೆ ತಂದರು. ಕೇಳದೆಯೇ ಒಂದು ಹೊಸ ಕೋಳಿಗರಿಯನ್ನೂ ತಂದರು. ನಾವಿಬ್ಬರೂ ಜಗಲಿಯಲ್ಲಿ ಕೂತು, ಅವರು ವಾಲ್ವಿನ ಕಾಲುಗಳನ್ನು ಹಳೆ ಸೀರೆಯ ತುಂಡಿನಲ್ಲಿ ತಿಕ್ಕಿ, ನಾನು ಗರಿಯ ತುದಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒಂದೊಂದೇ ತೂತಿನೊಳಗೆ ತಿರುಗಿಸಿ ತಿರುಗಿಸಿ ತೆಗೆದೆವು. ಗರಿ ಹಸುರಾಗಿ ಹೊರಗೆ ಬರುತ್ತಿತ್ತು. ಎಣ್ಣೆ ಹಚ್ಚುವಾಗ ಅವರಿಗಿದ್ದ ಶ್ರದ್ಧೆ ತೆಗೆಯುವಾಗಲೂ ಇತ್ತು. ಅವರ ಎಡಗೈಯನ್ನೂ ಸೆರಗಿಗೆ ಸಿಕ್ಕಿಸಿಕೊಳ್ಳಲು ಹೇಳಿದೆ. ಕರೆಂಟು ಇಲ್ಲದ ವಾಲ್ವಿಗೆ ಅದು ಬೇಕಾಗಿಲ್ಲ, ಒಂದೇ ಕೈಯಲ್ಲಿ ತಿಕ್ಕಲೂ ಆಗುವುದಿಲ್ಲ. ಆದರೂ ಸಿಕ್ಕಿಸಿಕೊಂಡರು, ನಗು ಬಂದು ಮತ್ತೆ ತೆಗೆದರು.

ಕತ್ತಲಾಗುವಾಗ ಎಲ್ಲ ಸ್ವಚ್ಛವಾಯಿತು. ಆದರೆ ಸ್ಪಿರಿಟ್ ಪೂರ್ತಿ ಆರದೆ ಕರೆಂಟು ಕೊಟ್ಟರೆ ಹೊತ್ತಿಕೊಳ್ಳುತ್ತದೆ. ಒಂದು ರಾತ್ರಿ ಬಿಡಲೇಬೇಕು. ಹಡಗು ಮರುದಿನ.

ಬೆಳಿಗ್ಗೆ ಗಂಜಿ ಊಟ ಮುಗಿಯುವ ಮೊದಲೇ ಬಂದರಿನ ಹಮಾಲಿಗಳಿಬ್ಬರು ಕೈಗಾಡಿ ತಂದು ಅಂಗಳದಲ್ಲಿ ನಿಲ್ಲಿಸಿದರು. ಮಾಮ ಪೆಟಾರಿಯ ಮುಚ್ಚಳ ತೆಗೆದು ಒಳಗೆ ಬೈಹುಲ್ಲು ಹಾಸುತ್ತಿದ್ದರು. ನಾನು ಪೆಟ್ಟಿಗೆಯನ್ನು ತಂದು ಅವರ ಎದುರೇ ಪ್ಲಗ್ಗಿಗೆ ಸಿಕ್ಕಿಸಿದೆ.

"ಇನ್ನೂ ಆಸೆ ಬಿಡ್ಲಿಲ್ವಾ ನೀನು?" ಎಂದರು.

"ಹಡಗು ಹೊರಡುವ ಮೊದಲು ಅಂತ ಹೇಳಿದ್ದು ನೀವು. ಹಡಗು ಹೊರಡ್ಲಿಲ್ಲ."

ಸ್ವಿಚ್ಚು ಒತ್ತಿ, ಚಾಪೆಯ ಮೇಲೆ ಕಾಲು ಮಡಚಿ ಕೂತು, ಗಿಟಾರನ್ನು ಮಡಿಲಿಗೆ ಎಳೆದುಕೊಂಡೆ. ಏನೂ ಕೇಳಲಿಲ್ಲ. ಹಮಾಲಿಗಳು ಒಬ್ಬರ ಮುಖ ಒಬ್ಬರು ನೋಡಿದರು. ಮಾಮ ಅವರ ಕಡೆ ತಿರುಗಿ, "ಬನ್ನಿ, ಎತ್ತಿ" ಎನ್ನುವುದಕ್ಕೂ ಪೆಟ್ಟಿಗೆಯೊಳಗಿನಿಂದ ಒಂದು ಗುಂಯ್ ಎಂಬ ಸದ್ದು ಏಳುವುದಕ್ಕೂ ಸರಿಹೋಯಿತು. ಜೇನು ಹುಟ್ಟಿನ ಹತ್ತಿರ ನಿಂತರೆ ಕೇಳುವಂಥ ಸದ್ದು. ಬೆನ್ನಿನ ಕಡೆಯಿಂದ ಗೋಡೆಯ ಮೇಲೆ ಕೆಂಪು ಬೆಳಕು ಬಿದ್ದಿತ್ತು. ನಾನು ಉಕ್ಕಿನ ತುಂಡನ್ನು ತಂತಿಯ ಮೇಲಿಟ್ಟು ಒಂದೇ ಒಂದು ಸಲ ಮೀಟಿ, ಮೇಲಕ್ಕೆ ಜಾರಿಸಿದೆ.

ಅದುವರೆಗೆ ನಾನೂ ಆ ಸ್ವರ ಕೇಳಿರಲಿಲ್ಲ. ಮರಕ್ಕೆ ಕಿವಿ ಒತ್ತಿ ಕೇಳಿದ್ದು ಎಲ್ಲಿ, ಇದು ಎಲ್ಲಿ. ಚಾವಡಿಯ ಕಂಬಗಳ ನಡುವೆ ಸುತ್ತಿ, ಅಂಗಳ ದಾಟಿ, ರಸ್ತೆಗೆ ಹೋಯಿತು. ರಸ್ತೆಯಲ್ಲಿ ಹೋಗುತ್ತಿದ್ದ ಕಾಲೇಜು ಹುಡುಗರು ಬೇಲಿಯ ದಣಪೆಯ ಬಾಗಿಲ ಹತ್ತಿರ ನಿಂತರು. ಒಬ್ಬ ಹಮಾಲಿ ತಲೆಯ ಮುಂಡಾಸು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಅಣ್ಣ ಕಲಿಸಿದ್ದು ಒಂದು ರಾಗದ ತುಂಡು ಮಾತ್ರ, ಅದನ್ನೇ ಮತ್ತೆ ಮತ್ತೆ ನುಡಿಸಿದೆ. ತಪ್ಪಿಯೂ ನುಡಿಸಿದೆ.

ನಾನು ನಿಲ್ಲಿಸಿದಾಗ ಮಾಮನ ಕೈಯಲ್ಲಿ ಬೈಹುಲ್ಲು ಹಾಗೇ ಇತ್ತು. ಮುಖ ಕೆಂಪಾಗಿತ್ತು.

"ಸ್ವರ ಬಂತು. ಒಪ್ಪಿದೆ" ಎಂದರು. "ಆದರೆ ಇದು ಈ ಮನೆಯಲ್ಲಿ ಬೇಡ. ರಸ್ತೆಯಲ್ಲಿ ಜನ ನಿಂತದ್ದು ಕಾಣ್ತದಾ ನಿನಗೆ? ಮೊದಲು ಅವನು ಹೋದ. ಇನ್ನು ನೀನು ಹೋಗ್ಬೇಕಾ? ಆಡಿದ ಮಾತು ನಾನು ಹಿಂದೆ ತಕ್ಕೊಳ್ತೇನೆ."

ಮಾಮ ಮಾತು ಹಿಂದೆ ತೆಗೆದುಕೊಳ್ಳುವುದನ್ನು ನಾನು ಕಂಡದ್ದು ಅದೊಂದೇ ಸಲ. ನನಗೆ ಹೆದರಿಕೆಯಾಗಬೇಕಿತ್ತು, ಆಗಲಿಲ್ಲ.

"ನಿಮ್ಮ ಮಾತು ಹಿಂದೆ ತಕ್ಕೊಳ್ಳಿ ಮಾಮ, ನನಗೆ ಬೇಡ. ಅದು ಇಲ್ಲದೆಯೂ ಇದು ನನ್ನದೇ. ಅಣ್ಣನ ದುಡಿಮೆಯದ್ದು, ತಂಗಿಗೆ ಬರಬೇಕು. ಆ ಕಟ್ಟು ಬೇಡ ಅಂತ ನೀವು ಹೇಳಿದರೆ ನಾನು ಈಗಲೇ ಪೆಟ್ಟಿಗೆಯನ್ನು ಗಾಡಿಗೆ ಹಾಕ್ತೇನೆ. ಆದರೆ ಆ ಕಟ್ಟು ಬೇಡ ಆದರೆ ನೀವು ಕೂರುವ ಆ ಕುರ್ಚಿ ಯಾರದ್ದು? ಇದು ನಿಮ್ಮ ಅಪ್ಪನ ಮನೆ ಅಲ್ಲ. ಅಜ್ಜಿಯ ಮನೆ. ನಿಮ್ಮ ತಂಗಿಯ ಮನೆ. ನಾಳೆ ನನ್ನ ಮನೆ. ನೀವು ಇಲ್ಲಿ ಯಜಮಾನ ಆದದ್ದು ಯಾವ ಕಟ್ಟಿನಿಂದಲೋ ಈ ಪೆಟ್ಟಿಗೆ ನನಗೆ ಬಂದದ್ದೂ ಅದೇ ಕಟ್ಟಿನಿಂದ."

ಆ ಮಾತನ್ನು ಮಾಮನಿಗೆ ಯಾರೂ ಅದುವರೆಗೆ ಹೇಳಿರಲಿಲ್ಲ, ಅದೂ ಹಮಾಲಿಗಳ ಎದುರಿಗೆ. ಹೇಳಿದ್ದಕ್ಕೆ ನನಗೆ ಅಂದೂ ಬೇಸರವಿರಲಿಲ್ಲ, ಇಂದೂ ಇಲ್ಲ. ಕೊನೆಗೆ ಅವರಿಗೆ ಸಿಕ್ಕಿದ್ದು ಕಿಟಕಿ. "ಆ ಕಿಟಕಿಗಳನ್ನಾದರೂ ಹಾಕು. ಊರಿಗೆಲ್ಲ ಕೇಳುದು ಬೇಡ."

ಆಗ ಒಳಬಾಗಿಲಿನಿಂದ ಅಮ್ಮ ಬಂದರು. ಕೈಯಲ್ಲಿ ಆ ಕೋಳಿಗರಿ ಇನ್ನೂ ಇತ್ತು. ಅಣ್ಣ ಮನೆಯಲ್ಲಿದ್ದ ಆ ಮಳೆಗಾಲವಿಡೀ ಅವನು ಹಿಂದಿನ ಕೋಣೆಯಲ್ಲಿ ನುಡಿಸಿದ್ದು ಅಡುಗೆಮನೆಗೆ ಕೇಳುತ್ತಿರಲಿಲ್ಲ. ವರ್ಷವಿಡೀ ಎಣ್ಣೆ ಹಚ್ಚಿ ಕಾದ ಪೆಟ್ಟಿಗೆಯ ಸ್ವರ ಹೇಗಿದೆ ಎಂದು ಅಮ್ಮನಿಗೆ ತಿಳಿದೇ ಇರಲಿಲ್ಲ. ಅವರು ಮಾಮನನ್ನು ನೋಡಲಿಲ್ಲ. ಪೆಟ್ಟಿಗೆಯ ಎದುರು ಬಂದು ನಿಂತು, ಅದರ ಮೇಲೆ ಅಂಗೈ ಇಟ್ಟರು.

"ಇಷ್ಟು ದೊಡ್ಡ ಸ್ವರವಾ ಅವನದ್ದು?" ಎಂದರು.

ಅಮ್ಮ ಹೋಗಿ ಅರ್ಧ ತೆರೆದಿದ್ದ ಕಿಟಕಿಯ ಬಾಗಿಲುಗಳನ್ನು ಪೂರ್ತಿ ತೆರೆದು ಕೊಂಡಿಗೆ ಸಿಕ್ಕಿಸಿದರು. ಆಮೇಲೆ ಚಾಪೆಯ ಮೇಲೆ ನನ್ನ ಪಕ್ಕದಲ್ಲಿ ಕೂತರು. ಮಾಮ ಬೈಹುಲ್ಲನ್ನು ಪೆಟಾರಿಯೊಳಗೆ ಬಿಟ್ಟು, ಮುಚ್ಚಳ ಹಾಕಿ, ಹಮಾಲಿಗಳಿಗೆ ಹೋಗಿ ಎಂದು ಕೈಸನ್ನೆ ಮಾಡಿದರು. ಹಮಾಲಿಗಳು ಹೋಗಲಿಲ್ಲ, ಜಗಲಿಯ ತುದಿಯಲ್ಲಿ ಕೂತರು.

ನಾನು ತಿರುಗಣೆಯನ್ನು ಇನ್ನೂ ಸ್ವಲ್ಪ ಮೇಲಕ್ಕೆ ತಿರುಗಿಸಿದೆ.